ಮೂತಿ ಮುಳುಗಿದಾಗ

ಕಾಸರಗೋಡಿನಿಂದ ಬೇಕಲಕ್ಕೆ, ಗೆಳೆಯರೊಳಗೇ ಒಂದು ಹಾಯಿದೋಣಿ ಪಂದ್ಯ. ನಮ್ಮದು ಹೋಬಿ 16, ಎರಡು ಒಡಲಿನ ಪುಟ್ಟ ಕ್ಯಾಟಮರಾನ್. ಉದ್ದ 16 ಅಡಿ 7 ಇಂಚು, ತೂಕ ಸುಮಾರು 145 ಕಿಲೋ. (ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಹೋದದ್ದು, ಇಂಗ್ಲಿಷಿನವರು ಹಾಗೇ ಎತ್ತಿಕೊಂಡರು.)

ಹೊರಟಾಗ ಸುಖವಾಗಿಯೇ ಇತ್ತು. ಮಧ್ಯಾಹ್ನ ವಾಯುವ್ಯದ ಗಾಳಿ ಬಲವಾಯಿತು, ಬೆನ್ನಿಗೇ ಬೀಸುತ್ತಿತ್ತು, ವೇಗ ಕೊಟ್ಟದ್ದೂ ಅದೇ, ಕೆಡಿಸಿದ್ದೂ ಅದೇ. ಚಂದ್ರಗಿರಿ ಅಳಿವೆಯ ಹತ್ತಿರ ಇಳಿತದ ಹೊಳೆನೀರು ಕಡಲಿಗೆ ನುಗ್ಗಿ ಅಲೆಗಳಿಗೆ ಎದುರಾಗುತ್ತಿತ್ತು. ಅಲ್ಲಿ ಅಲೆ ಉರುಳುವುದಿಲ್ಲ, ಗೋಡೆ ಹಾಗೆ ನೆಟ್ಟಗೆ ನಿಲ್ಲುತ್ತದೆ.

"ಭಾವಾ, ಹಿಂದೆ ಬನ್ನಿ!" ಅಂತ ದೋಣಿಯಲ್ಲಿ ಜೊತೆಗಿದ್ದ ಭಾವನಿಗೆ ಕೂಗಿದೆ. ತಡವಾಗಿತ್ತು. ಕೆಳಗಾಳಿ ಬದಿಯ, ಅಂದರೆ ಗಾಳಿ ದಾಟಿಹೋಗುವ ಕಡೆಯ, ಒಡಲಿನ ಕೆಂಪು ಮೂತಿ ಕಂದು ನೀರಿನೊಳಗೆ ಸುಮ್ನೆ ಇಳಿದುಹೋಯಿತು, ದೋಣಿ ಅಲ್ಲೇ ನಿಂತಿತು, ನಾವು ಮಾತ್ರ ನಿಲ್ಲಲಿಲ್ಲ! ಹಾಯಿ ಸಡಿಲ ಬಿಡಬೇಕಿತ್ತು, ತಪ್ಪು ನನ್ನದೇ.

ಮಗುಚಿಬಿದ್ದ ದೋಣಿಯನ್ನು ಎಬ್ಬಿಸುವುದೇ ದೊಡ್ಡ ಕೆಲಸ. ದೋಣಿಯನ್ನು ಗಾಳಿಗೆ ತಿರುಗಿಸಿ, ಕೆಳಗಿನ ಒಡಲ ಮೇಲೆ ನಿಂತು, ಹಗ್ಗ ಹಿಡಿದು ಇಬ್ಬರೂ ಹಿಂದಕ್ಕೆ ವಾಲಿದೆವು. ಹಾಯಿಯಡಿ ಗಾಳಿ ಹೊಕ್ಕ ಮೇಲೆಯೇ ಎದ್ದದ್ದು.

ಬೇಕಲ ಮುಟ್ಟುವಾಗ ಉಳಿದವರು ಚಹಾ ಮುಗಿಸಿ ಹಾಯಿ ಮಡಚುತ್ತಿದ್ದರು. ಭಾವ ಇನ್ನೂ ಉಪ್ಪುನೀರು ಉಗುಳುತ್ತಿದ್ದರು.