ಎರಡು ಬಣ್ಣದ ಜೋಗ

ಶಿವಮೊಗ್ಗದ ಒಂದು ಕಲರ್ ಲ್ಯಾಬ್‌ನಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಪ್ರಿಂಟಿಂಗ್ ಆಪರೇಟರ್. ದಿನಕ್ಕೆ ಹತ್ತು ಸಲವಾದರೂ ನನ್ನ ಬಾಯಿಂದ ಬರುವ ಮಾತೊಂದಿದೆ: ‘ನಿಮ್ಮ ಮಾನಿಟರ್ ಬ್ರೈಟ್ ಇರುತ್ತದೆ, ಅದಕ್ಕೇ ಪ್ರಿಂಟ್ ಬೇರೆ ಥರ ಕಾಣುತ್ತದೆ.’ ಹತ್ತರಲ್ಲಿ ಎಂಟು ಸಲ ಅದು ನಿಜವೂ ಹೌದು. ಹೋದ ಕಾರ್ತಿಕದ ಒಂದು ಭಾನುವಾರ ಬೆಳಿಗ್ಗೆ ಮಾತ್ರ ಇದೇ ಮಾತನ್ನು ಫೋಟೊಗಳ ಮೇಲೆ ಕಣ್ಣೂ ಹಾಯಿಸದೆ ಹೇಳಿ ಸಿಕ್ಕಿಬಿದ್ದೆ.

ಸಿಕ್ಕಿಬಿದ್ದದ್ದು ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿಯ ಕೈಗೆ. ಅಂಗಡಿಯಲ್ಲಿ ಎಲ್ಲರಿಗೂ ಅವರು ‘ಟೀಚರ್’. ನಿವೃತ್ತಿಯ ಹಣದಲ್ಲಿ ಕ್ಯಾಮೆರಾ ಕೊಂಡು, ಮಳೆಗಾಲದ ಜೋಗ, ಆಗುಂಬೆಯ ಮಂಜು, ಮಂಡಗದ್ದೆಯ ಬೆಳ್ಳಕ್ಕಿ, ಸಕ್ರೆಬೈಲಿನ ಆನೆಗಳ ಸ್ನಾನ ಎಲ್ಲವನ್ನೂ ತೆಗೆದಿದ್ದರು. ಶಾಲಾ ಮೈದಾನದಲ್ಲಿ ನಡೆಯುವ ಭಾನುವಾರದ ಸಂತೆಯಲ್ಲಿ ಮೇಜೊಂದನ್ನು ಹಿಡಿದು ಫೋಟೊ ಮಾರುವುದು ಅವರ ಯೋಚನೆ. ‘ಕಡಿಮೆ ಖರ್ಚಿನಲ್ಲಿ ಆಗಬೇಕು, ಅಗ್ಗದ್ದಾಗಿ ಕಾಣಬಾರದು’ ಎಂದರು. ಎಲ್ಲರೂ ಹಾಗೆಯೇ ಹೇಳುತ್ತಾರೆ. ಮೊದಲ ಸಲ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಅದು ಹಿಂಡಿ ಕಳಿಸಿದ ಫೈಲಿನಲ್ಲಿ ದೊಡ್ಡ ಪ್ರಿಂಟ್ ಬರುವುದಿಲ್ಲ ಎಂದು ಪೆನ್‌ಡ್ರೈವ್ ತರಿಸಿಕೊಂಡೆ.

ಮಾರಲು ಹೊರಟ ಹವ್ಯಾಸಿಗಳು ದರದ ಮೇಲೆ ಚೌಕಾಸಿ ಮಾಡುತ್ತಾರೆ. ಅದರಲ್ಲಿ ಸಿಗುವುದು ಐದೋ ಹತ್ತೋ ರೂಪಾಯಿ. ಒಂದು ದೊಡ್ಡ ಶೀಟಿನಲ್ಲಿ ಹಲವು ಚಿತ್ರ ಜೋಡಿಸಿ ತುಂಬಿಸಿದರೆ ಅರ್ಧಕ್ಕರ್ಧ ಉಳಿಯುತ್ತದೆ. ಟೀಚರ್ ಕೇಳಿದ್ದು 8×10 ಇಂಚು. ಕ್ಯಾಮೆರಾದಿಂದ ಬರುವ ಚಿತ್ರ ಮೂರಕ್ಕೆ ಎರಡರ ಅಳತೆ. ಅದನ್ನು 8×10ಕ್ಕೆ ಕೂರಿಸಬೇಕಾದರೆ ಬದಿ ಕತ್ತರಿಸಲೇಬೇಕು. ಅವರ ಜೋಗದ ಚಿತ್ರದಲ್ಲಿ ಎಡ ಅಂಚಿಗೆ ರಾಜ, ಬಲ ಅಂಚಿಗೆ ರಾಣಿ. ‘ಇಬ್ಬರಲ್ಲಿ ಒಬ್ಬರು ಹೋಗಬೇಕಾಗುತ್ತದೆ ಟೀಚರ್’ ಎಂದೆ. 12×18ರ ಶೀಟಿನಲ್ಲಿ 6×9ರ ನಾಲ್ಕು ಚಿತ್ರ ಕೂರುತ್ತವೆ, 4×6ರ ಕಾರ್ಡು ಒಂಬತ್ತು. ಎರಡರಲ್ಲೂ ಒಂದು ಕೂದಲೆಳೆಯೂ ಕತ್ತರಿಸಿಹೋಗುವುದಿಲ್ಲ.

ಚೀಟಿಯ ಹಿಂದೆ ಲೆಕ್ಕ ಹಾಕಿ ತೋರಿಸಿದೆ. 6×9 ಮೂವತ್ತಾರು, ಕಾರ್ಡು ತೊಂಬತ್ತು, 12×18ರ ದೊಡ್ಡವು ಆರು. ನಮ್ಮ ಕೌಂಟರ್ ದರದಲ್ಲಿ ಬಿಡಿಬಿಡಿಯಾಗಿ ಹಾಕಿಸಿದರೆ 2,760 ರೂಪಾಯಿ. ಅದನ್ನೇ ಶೀಟ್‌ಗಳಲ್ಲಿ ಜೋಡಿಸಿದರೆ ಒಂಬತ್ತು, ಹತ್ತು, ಆರು, ಒಟ್ಟು 25 ಶೀಟ್. ಸ್ಟುಡಿಯೊದವರಿಗೆ ಕೊಡುವ 55 ರೂಪಾಯಿ ದರ ಹಿಡಿದರೆ 1,375. ಟೀಚರ್ ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡರು. ಗ್ಲಾಸಿ ಬೇಡ, ಮ್ಯಾಟ್ ಇರಲಿ ಎಂದೂ ಹೇಳಿದೆ. ಸಂತೆಯಲ್ಲಿ ನೂರು ಜನ ಮುಟ್ಟುತ್ತಾರೆ, ಗ್ಲಾಸಿಯ ಮೇಲೆ ಬೆರಳಿನ ಗುರುತು ಮೂಡುತ್ತದೆ. ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಮೌಂಟ್ ಇಲ್ಲದೆ ಕಟ್ಟು ಹಾಕಿಸಿದರೆ ಮಲೆನಾಡಿನ ಥಂಡಿಗೆ ಗಾಜಿಗೇ ಅಂಟಿಕೊಳ್ಳುತ್ತದೆ. ಕಟ್ಟು ಹಾಕಿಸುವ ಗೋಜಿಗೇ ಹೋಗಬೇಡಿ, ಅದರ ಖರ್ಚು ಪ್ರಿಂಟಿನ ಮೂರುಪಟ್ಟು, ಹಿಂದೊಂದು ರಟ್ಟು ಇಟ್ಟು ಪ್ಲಾಸ್ಟಿಕ್ ಕವರ್ ಹಾಕಿ ಸಾಕು ಎಂದೆ. ಇಷ್ಟೆಲ್ಲ ಬುದ್ಧಿ ಹೇಳಿದವನು ನಾನೇ.

ಶನಿವಾರ ರಾತ್ರಿ ಒಂಬತ್ತೂವರೆ. ಮದುವೆ ಸೀಸನ್. 12×36 ಆಲ್ಬಂ ಸಾಲುಗಟ್ಟಿ ಹೋಗುತ್ತಿತ್ತು. ನಡುವೆ ಟೀಚರದ್ದನ್ನು ತೂರಿಸಿದೆ. ಫೋಟೊದ ಬಣ್ಣ, ಬೆಳಕನ್ನು ಮೆಷಿನ್ ತಾನೇ ತಿದ್ದುವ ಸೆಟ್ಟಿಂಗ್‌ಗೆ ನಾವು ‘ಆಟೊ’ ಎನ್ನುತ್ತೇವೆ. ಸೀಸನ್ನಿನಲ್ಲಿ ಅದನ್ನು ತೆಗೆಯಕೂಡದು ಎಂಬುದು ನಮ್ಮ ಮಾಲೀಕರ ಕಟ್ಟಪ್ಪಣೆ. ಮುಖ ಕಪ್ಪಾಯಿತೆಂದು ಸ್ಟುಡಿಯೊದವರು ಫೋನಿನಲ್ಲಿ ಕೂಗಾಡುತ್ತಾರಂತೆ. ಇದ್ದ ಒಂದೇ ಒಳ್ಳೆಯ ಮಾನಿಟರನ್ನೂ ಅವರು ಡಿಸೈನ್ ಸೆಕ್ಷನ್‌ಗೆ ಸಾಗಿಸಿ ವರ್ಷವಾಯಿತು. ನನ್ನ ಮುಂದಿರುವುದರಲ್ಲಿ ಬೂದಿಗೂ ಬಿಳಿಗೂ ಅಷ್ಟೇನೂ ವ್ಯತ್ಯಾಸವಿಲ್ಲ. ಆದರೂ ಒಂದು ಕೀ ಒತ್ತಿ ‘ನೋ ಕರೆಕ್ಷನ್’ ಹಾಕುವುದು ನನ್ನ ಕೈಯಲ್ಲೇ ಇತ್ತು. ಹಾಕಲಿಲ್ಲ. ಶೀಟ್ ಕತ್ತರಿಸುತ್ತಿದ್ದ ಹುಡುಗ, ‘ಅಣ್ಣಾ, ಇವೆರಡು ಬೇರೆ ಬೇರೆ ಕಲರ್ ಇದೆಯಲ್ಲ?’ ಎಂದು ಕೇಳಿದ. ‘ಸುಮ್ಮನೆ ಕತ್ತರಿಸು’ ಎಂದೆ. ಟೀಚರ್ ಕವರ್ ತೆಗೆದುಕೊಂಡು, ಬಿಚ್ಚದೆ, ರಿಕ್ಷಾ ಹತ್ತಿದರು.

ಮರುದಿನ ಆರೂವರೆಗೆ ಟೀಚರ್ ಫೋನ್. ಏಳು ಗಂಟೆಗೆ ಷಟರ್ ಎತ್ತಿದೆ. ಅವರು ಕವರ್ ಬಿಚ್ಚುವಷ್ಟರಲ್ಲಿ ನಾನು ಮಾನಿಟರ್ ಮಂತ್ರ ಹೇಳಿ ಮುಗಿಸಿದ್ದೆ. ಅವರು ಏನೂ ಹೇಳದೆ ಎರಡು 6×9ಗಳನ್ನು ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು. ಎರಡೂ ಅದೇ ಜೋಗ. ಒಂದರಲ್ಲಿ ನೀರಿಗೆ ಸುಣ್ಣ ಬಳಿದ ಹಾಗಿತ್ತು, ಇನ್ನೊಂದರಲ್ಲಿ ನಡುಮಧ್ಯಾಹ್ನಕ್ಕೇ ಕತ್ತಲು ಕವಿದಿತ್ತು. ‘ಎರಡನ್ನೂ ಪ್ರಿಂಟ್ ಮಾಡಿದ್ದು ನೀನೇ. ನನ್ನ ಮಾನಿಟರ್ ಇಲ್ಲಿ ಎಲ್ಲಿಂದ ಬಂತಪ್ಪಾ?’ ಎಂದರು. ಹಿಂದಿನ ದಿನದವರೆಗೂ ನನಗೆ ‘ನೀವು’ ಎನ್ನುತ್ತಿದ್ದವರು.

ಅಲ್ಲಿಗೆ ಅರ್ಥವಾಯಿತು. ಆಟೊಗೆ ನಾಲ್ಕು ಫೋಟೊ ಎಂಬುದು ಗೊತ್ತಿಲ್ಲ, ಇಡೀ ಶೀಟೇ ಅದಕ್ಕೆ ಒಂದು ಫೋಟೊ. ಆನೆಗಳ ಜೊತೆ ಕೂತ ಜೋಗವನ್ನು, ಶೀಟ್ ಕಪ್ಪಿದೆಯೆಂದು ಬಿಳಿಚಿಸಿತ್ತು. ಆಗುಂಬೆಯ ಮಂಜಿನ ಜೊತೆ ಕೂತದ್ದನ್ನು, ಶೀಟ್ ಬಿಳಿಯಿದೆಯೆಂದು ಕಪ್ಪಾಗಿಸಿತ್ತು. ಬೆಳ್ಳಕ್ಕಿಗಳು ಬೂದಿ ಬಣ್ಣದ ಕೊಕ್ಕರೆಗಳಾಗಿದ್ದವು. ಕಾರ್ಡುಗಳು ಬಚಾವ್, ಒಂದೊಂದು ಶೀಟಿನಲ್ಲೂ ಒಂಬತ್ತೂ ಒಂದೇ ಚಿತ್ರ. 6×9ರಲ್ಲೂ ಹಾಗೆ ಒಂದೇ ಚಿತ್ರವನ್ನು ನಾಲ್ಕು ಸಲ ಇಟ್ಟಿದ್ದರೆ ಆಟೊ ಇದ್ದರೂ ಕನಿಷ್ಠ ಎಲ್ಲ ಜೋಗಗಳೂ ಒಂದೇ ಬಣ್ಣಕ್ಕೆ ಬರುತ್ತಿದ್ದವು. ನಾನು ಫೈಲುಗಳನ್ನು ಹೇಗೆ ಬಂದವೋ ಹಾಗೆ ಸುರಿದಿದ್ದೆ. ದೊಡ್ಡವುಗಳಲ್ಲಿ ಮಂಜಿನದೊಂದು ಹಾಳು. ಒಟ್ಟು ಹತ್ತು ಶೀಟ್ ಮತ್ತೆ ಹಾಕಬೇಕು.

ಸಂತೆ ಹತ್ತಕ್ಕೆ. ಮೆಷಿನ್ ತಣ್ಣಗೆ ಮಲಗಿತ್ತು. ಆನ್ ಮಾಡಿದಾಗ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 26 ಡಿಗ್ರಿ, ಬೇಕಾದದ್ದು 38. ಮಾಡಲು ಬೇರೆ ಕೆಲಸವಿಲ್ಲ. ಟೀಚರ್ ಸ್ಟೂಲ್ ಎಳೆದುಕೊಂಡು ಡಿಸ್‌ಪ್ಲೇ ಮುಂದೆ ಕೂತು, ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ಓದಿ ಹೇಳುವಂತೆ, ‘ಮೂವತ್ತೊಂದು ಪಾಯಿಂಟ್ ನಾಲ್ಕು... ಐದು’ ಎನ್ನುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. 38 ತಲುಪಿದಾಗ ಎಂಟೂ ಹತ್ತು. ಪರೀಕ್ಷೆಯ ಸ್ಟ್ರಿಪ್ ಹಾಕಿ ಮೆಷಿನ್ನಿನ ಬಣ್ಣ ಸರಿಹೊಂದಿಸುವ ಸೆಟಪ್ ಬಿಟ್ಟು ನೇರ ಪ್ರಿಂಟ್ ಕೊಟ್ಟುಬಿಡಲೇ ಎಂದು ಕೈ ತುರಿಸಿತು. ಕೊಟ್ಟಿದ್ದರೆ ಮೂರನೆಯ ಬಣ್ಣದ ಜೋಗ ಬರುತ್ತಿತ್ತೇನೋ. ಸ್ಟ್ರಿಪ್ ಓದಿಸಿ, ಆಟೊ ತೆಗೆದು, ಮೊದಲು ಒಂದೇ ಶೀಟ್ ಬಿಟ್ಟೆ. ಡ್ರೈಯರ್‌ನಿಂದ ಬೆಚ್ಚಗೆ ಬಂದದ್ದನ್ನು ಟೀಚರ್ ನನ್ನ ಕೈಯಿಂದ ಎಳೆದುಕೊಂಡು ಬಾಗಿಲಿಗೆ ಹೋದರು, ಟ್ಯೂಬ್‌ಲೈಟ್‌ನಲ್ಲಿ ನೋಡುವುದಿಲ್ಲವಂತೆ. ಬಿಸಿಲಿಗೆ ಹಿಡಿದು, ‘ಹಾಂ, ಇದು ನಾನು ಕಂಡದ್ದು’ ಎಂದರು. ಈ ಒಂದು ಶೀಟನ್ನು ಶನಿವಾರವೇ ಬಿಟ್ಟು ತೋರಿಸಿದ್ದರೆ ನನಗೆ ತಗಲುತ್ತಿದ್ದುದು ಐದು ನಿಮಿಷ.

ಹುಡುಗನಿಗೆ ರಜೆ. ಕಟರ್ ಹಿಡಿದವನೂ ನಾನೇ. ಅವಸರದಲ್ಲಿ ಒಂದು ಕಡೆ ಎರಡು ಮಿಲಿಮೀಟರ್ ತಪ್ಪಿ ರಾಣಿಯ ಪಕ್ಕ ಆನೆಯ ಕಿವಿ ಉಳಿಯಿತು. ಚಿತ್ರಗಳ ನಡುವೆ ಬಿಳಿ ಅಂಚು ಬಿಡದೆ ಜೋಡಿಸಿದ್ದಕ್ಕೆ ಅದು ಶಿಕ್ಷೆ. ಒಂಬತ್ತೂ ಮುಕ್ಕಾಲಿಗೆ ರಿಕ್ಷಾ ಹತ್ತಿಸಿ ಕಳಿಸಿದೆ.

ಸೋಮವಾರ ವೇಸ್ಟ್ ಬುಕ್ಕಿನಲ್ಲಿ ಹತ್ತು ಶೀಟ್ ಕಂಡು ಮಾಲೀಕರು ಅರ್ಧ ಗಂಟೆ ಪಾಠ ಮಾಡಿದರು. ಆಟೊ ಡೀಫಾಲ್ಟ್ ತೆಗೆಯಲಿಲ್ಲ, ಮಾನಿಟರ್ ಮರಳಿ ಕೊಡಲಿಲ್ಲ. ಈಗ ಕೀಬೋರ್ಡಿಗೆ ‘ಶೀಟ್ = ನೋ ಕರೆಕ್ಷನ್’ ಎಂಬ ಚೀಟಿಯನ್ನು ಅಂಟಿಸಿದ್ದೇನೆ. ಬೇರೆ ಬಣ್ಣ ಕಂಡರೆ ಮೆಷಿನ್ ನಿಲ್ಲಿಸು ಎಂದು ಹುಡುಗನಿಗೆ ಹೇಳಿದ್ದೇನೆ. ದಿನಕ್ಕೆರಡು ಸಲ ಸುಮ್ಮಸುಮ್ಮನೆ ನಿಲ್ಲಿಸುತ್ತಾನೆ.

ಬುಧವಾರ ಟೀಚರ್ ಮತ್ತೆ ಬಂದರು. ಕೆಟ್ಟ ಪ್ರಿಂಟುಗಳನ್ನು ಎಸೆಯಲು ಮನಸ್ಸಾಗದೆ ಮೇಜಿನ ಮೂಲೆಯಲ್ಲಿ ಇಪ್ಪತ್ತು ರೂಪಾಯಿಗೊಂದರಂತೆ ಇಟ್ಟಿದ್ದರಂತೆ. ಕತ್ತಲು ಕವಿದ ಜೋಗ ಎಲ್ಲಕ್ಕಿಂತ ಮೊದಲು ಖಾಲಿ. ಹೋಂಸ್ಟೇ ನಡೆಸುವವರೊಬ್ಬರಿಗೆ ಅದೇ ಬಣ್ಣದಲ್ಲಿ 12×18 ಬೇಕಂತೆ. ಆಟೊ ಏನು ಮಾಡಿತ್ತೆಂಬ ದಾಖಲೆ ನಮ್ಮಲ್ಲಿ ಎಲ್ಲಿಯೂ ಇಲ್ಲ. ಡಿ (ಗಾಢತೆ) ಪ್ಲಸ್ ಎರಡು, ಮೂರು, ವೈ (ಹಳದಿ) ಮೈನಸ್ ಒಂದು ಎಂದು ಸ್ಟ್ರಿಪ್ ಮೇಲೆ ಸ್ಟ್ರಿಪ್ ಬಿಟ್ಟೆ. ಐದನೆಯದನ್ನು ಟೀಚರ್ ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದರು.

‘ಇನ್ನೂ ಸ್ವಲ್ಪ ಕೆಡಬೇಕು’ ಎಂದರು.