ಛತ್ರ ಖಾಲಿ ಮಾಡುವ ಹೊತ್ತು

ಮದುವೆ ಮನೆಯಲ್ಲಿ ಹಣದ ಚೀಲ ಹಿಡಿಯುವ ಕೆಲಸವನ್ನು ಯಾರೂ ಕೇಳಿ ಪಡೆಯುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ ಎಂಬ ಒಂದೇ ಕಾರಣಕ್ಕೆ ಅಕ್ಕನ ಮಗಳ ಮದುವೆಯಲ್ಲಿ ಅದು ನನ್ನ ಹೆಗಲಿಗೆ ಬಿತ್ತು. ಇಪ್ಪತ್ತು, ಐವತ್ತು, ನೂರರ ಹೊಸ ನೋಟಿನ ಕಟ್ಟುಗಳನ್ನು ಹೊಂದಿಸುವ ಹೊಣೆಯೂ ಅದರ ಹಿಂದೆಯೇ ಬಂತು. ಹೊಸ ನೋಟು ಬ್ಯಾಂಕಿನವರಿಗೂ ಬೇಕೆಂದಾಗ ಸಿಗುವುದಿಲ್ಲ ಎಂದರೆ ನಮ್ಮ ಬಂಧುಬಳಗದಲ್ಲಿ ನಂಬುವವರೇ ಇಲ್ಲ. ಮೈಸೂರಿನಲ್ಲಿ ಛತ್ರ. ಹಿಂದಿನ ದಿನ ಸಂಜೆ ಆರತಕ್ಷತೆ, ಬೆಳಗ್ಗೆ ಧಾರೆ, ಮಧ್ಯಾಹ್ನ ಊಟ, ನಾಲ್ಕು ಗಂಟೆಗೆ ಬೀಗದ ಕೈ ಒಪ್ಪಿಸಬೇಕು.

“ಯಾರಿಗೂ ಇಲ್ಲ ಅನ್ನಬೇಡ, ಯಾರಿಗೂ ಹೆಚ್ಚು ಕೊಡಬೇಡ” ಎಂದು ಚೀಲ ಕೊಡುವಾಗ ಭಾವ ಹೇಳಿದರು. ನಿವೃತ್ತ ಇಂಜಿನಿಯರ್ ಒಬ್ಬರ ಬಾಯಲ್ಲಿ ಇಷ್ಟು ಅಳತೆಯಿಲ್ಲದ ಮಾತನ್ನು ಕೇಳಿದ್ದು ಅದೇ ಮೊದಲು.

ಪುರೋಹಿತರ ಲೆಕ್ಕ ಸಲೀಸು. ಬೆಳ್ಳಿ ತಟ್ಟೆ, ಎಲೆ ಅಡಿಕೆ, ತೆಂಗಿನಕಾಯಿ, ಅದರ ಮೇಲೆ ನೋಟು. ಕೊಡುವವರು ಬಗ್ಗಿ ಕೊಡುತ್ತಾರೆ, ತೆಗೆದುಕೊಳ್ಳುವವರು ಕುಳಿತೇ ತೆಗೆದುಕೊಳ್ಳುತ್ತಾರೆ. ಓಲಗದವರಿಗೂ ಮಾತನಾಡಿಕೊಂಡ ಹಣದ ಮೇಲೆ ಒಂದು ಶಾಲು ಸಿಗುತ್ತದೆ. ಅಲ್ಲಿಂದ ಕೆಳಗಿಳಿದರೆ ತಟ್ಟೆ ಮಾಯ. ನೋಟನ್ನು ನಾಲ್ಕಾಗಿ ಮಡಚಿ, ಅಕ್ಕಪಕ್ಕದವರಿಗೆ ಕಾಣದ ಹಾಗೆ ಅಂಗೈಗೆ ಒತ್ತಬೇಕು. ಇದು ತೆಗೆದುಕೊಳ್ಳುವವರ ಮರ್ಯಾದೆ ಕಾಯುವ ಉಪಾಯ ಎಂದು ನಮ್ಮ ಹಿರಿಯರು ಹೇಳುತ್ತಾರೆ. ನನಗೇನೋ ಹಾಗೆ ಅನ್ನಿಸುವುದಿಲ್ಲ. ಇವನಿಗೆ ಎಷ್ಟು ಕೊಟ್ಟೆವೆಂದು ಮುಂದಿನವನಿಗೆ ತಿಳಿಯದಿರಲಿ ಎಂಬುದೇ ಆ ಮಡಿಕೆಯ ಒಳಗುಟ್ಟು.

ಎರಡನೆಯ ಪಂಕ್ತಿ ಏಳುತ್ತಿದ್ದಂತೆ ಒಬ್ಬೊಬ್ಬರಾಗಿ ಬರತೊಡಗಿದರು. ಗೇಟಿನ ವಾಚ್‌ಮನ್, ಜನರೇಟರ್ ನೋಡಿಕೊಳ್ಳುವವನು, ಲಿಫ್ಟ್‌ನ ಹುಡುಗ, ಮಂಟಪಕ್ಕೆ ಹೂವು ಕಟ್ಟಿದವರು, ನೀರಿನ ಕ್ಯಾನ್ ಇಳಿಸಿದವನು. “ಖುಷಿಗೆ ಏನಾದರೂ ಕೊಡಿ ಅಮ್ಮಾ.” ಲಿಫ್ಟ್ ಆ ಎರಡು ದಿನವೂ ಕೆಟ್ಟು ನಿಂತಿತ್ತು, ಆದರೂ ಲಿಫ್ಟ್‌ನ ಹುಡುಗನಿಗೆ ಐವತ್ತು ರೂಪಾಯಿ ಸಂದಿತು. ಅಜ್ಜಿಯಂದಿರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದವನು ಅವನೇ ಎಂದು ಆಮೇಲೆ ತಿಳಿದು ಸಮಾಧಾನವಾಯಿತು.

ಛತ್ರದ ಬಿಲ್ಲಿನಲ್ಲಿ ಬಾಡಿಗೆ, ಮೀಟರ್ ನೋಡಿ ಹಾಕಿದ ಕರೆಂಟು, ಜನರೇಟರ್‌ನ ಡೀಸೆಲ್, ಅಡುಗೆಮನೆಯ ಗ್ಯಾಸ್ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿದ್ದವು. ‘ಸ್ವಚ್ಛತೆ’ ಎಂದು ಇನ್ನೊಂದು ಸಾಲು, ಅದಕ್ಕೊಂದು ದಪ್ಪ ಮೊತ್ತ. ಹಾಗಿದ್ದ ಮೇಲೆ ಗುಡಿಸುವವರಿಗೆ ಮತ್ತೆ ಕೊಡುವುದೇಕೆ ಎಂದು ಭಾವ ತಕರಾರು ತೆಗೆದರು. ಮ್ಯಾನೇಜರ್ ಅವರನ್ನೇ ಕೇಳಿದೆ. ಆ ಹಣ ಗುತ್ತಿಗೆದಾರನಿಗೆ ಹೋಗುತ್ತದೆ, ಗುಡಿಸುವವರಿಗೆ ಅವನು ದಿನಗೂಲಿ ಕೊಡುತ್ತಾನೆ, ಎಷ್ಟೆಂದು ತನಗೆ ಗೊತ್ತಿಲ್ಲ ಎಂದರು. ಬಿಲ್ಲಿನಲ್ಲಿ ಅವರ ಹೆಸರಿನಲ್ಲಿ ಹಣವಿದೆ; ಅವರ ಕೈಗೆ ಎಷ್ಟು ಬರುತ್ತದೆಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿಲ್ಲ.

ಇನ್ನು ಬಡಿಸುವವರು. ಇವರನ್ನು ನೋಡುತ್ತಾ ಕೂರುವುದೇ ಒಂದು ವಿದ್ಯಾಭ್ಯಾಸ. ಚೀಲ ಯಾರ ಹೆಗಲಲ್ಲಿದೆ ಎಂಬುದು ಕೋಸಂಬರಿ ಬರುವಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತದೆ. ನನ್ನ ಎಲೆಗೆ ಒಬ್ಬಟ್ಟು ಕೇಳದೆಯೇ ಮತ್ತೊಮ್ಮೆ ಬಂತು, ತುಪ್ಪ ಎಲೆಯ ಅಂಚಿನವರೆಗೆ ಹರಿಯಿತು. ಪಕ್ಕದಲ್ಲಿದ್ದ ಬೀಗರ ಕಡೆಯ ಹಿರಿಯರೊಬ್ಬರು ಹುಳಿಗಾಗಿ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಚಿರೋಟಿಯ ಮೇಲೆ ಬಾದಾಮಿ ಹಾಲು ಸುರಿಯುವವನು ನಗುತ್ತಾ “ಇನ್ನೊಂದು ಹಾಕಿಸಿಕೊಳ್ಳಿ” ಎಂದು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಅನ್ನದ ಬಕೆಟ್ ಹೊತ್ತು ಓಡಾಡುವವನ ಮುಖ ಯಾರಿಗೂ ನೆನಪಿರುವುದಿಲ್ಲ, ಹೊರೆ ಹೆಚ್ಚು ಅವನದೇ ಆದರೂ. ಊಟವಾದ ಮೇಲೆ ಟೇಬಲ್ಲಿಗೆ ಹಾಸಿದ ಕಾಗದವನ್ನು ಎಂಜಲೆಲೆಗಳ ಸಮೇತ ಒಂದು ತುದಿಯಿಂದ ಸುತ್ತಿಕೊಂಡು ಹೋಗುವವರು ಬರುವ ಹೊತ್ತಿಗೆ ನಾವೆಲ್ಲ ಕೈ ತೊಳೆಯಲು ಎದ್ದಿರುತ್ತೇವೆ. ಅಡುಗೆ ಮಾಡುವವರ, ಬಡಿಸುವವರ ಜಾತಿ ವಿಚಾರಿಸಿಯೇ ಕರೆಸುವ ಮನೆಗಳು ಇನ್ನೂ ಇವೆ. ಎಲೆ ಎತ್ತುವವರ, ಪಾತ್ರೆ ತೊಳೆಯುವವರ ಜಾತಿಯನ್ನು ಯಾರೂ ವಿಚಾರಿಸುವುದಿಲ್ಲ, ಅದು ಗೊತ್ತೇ ಇದೆ ಎಂಬಂತೆ. ಟಿಪ್ಸ್ ಹೋಗುವ ದಾರಿಯೂ ಹೆಚ್ಚುಕಡಿಮೆ ಇದೇ.

ನನ್ನ ಅಮ್ಮನದು ಇನ್ನೂ ಮುಂದಿನ ಲೆಕ್ಕ. ಬಡಿಸುವವರಿಗೆ ಹಿಂದಿನ ಸಂಜೆಯೇ ಒಂದಿಷ್ಟು ಕೊಟ್ಟುಬಿಟ್ಟರೆ ಕೊನೆಯ ಪಂಕ್ತಿಗೂ ತುಪ್ಪ ಬರುತ್ತದೆ ಎನ್ನುತ್ತಾರೆ. ಇದನ್ನೇ ಟ್ಯಾಕ್ಸಿ ಆ್ಯಪ್‌ಗಳು ಮಾಡತೊಡಗಿದ್ದವು, ಗಾಡಿ ಬರುವ ಮೊದಲೇ ಟಿಪ್ಸ್ ಸೇರಿಸಿ ಎನ್ನುತ್ತಿದ್ದವು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಇದು ಅನೈತಿಕ, ಟಿಪ್ಸ್ ಏನಿದ್ದರೂ ಸೇವೆ ಪಡೆದ ಮೇಲೆ ಮೆಚ್ಚಿ ಕೊಡುವಂಥದ್ದು ಎಂದಿದ್ದರು. ಅಮ್ಮನಿಗೆ ಓದಿ ಹೇಳಿದೆ. “ಅವರು ಮದುವೆ ಮನೆಯ ಕೊನೆಯ ಪಂಕ್ತಿಯಲ್ಲಿ ಕೂತಿರಲಿಕ್ಕಿಲ್ಲ” ಎಂದರು.

ಊಟದ ನಂತರ ಎಲೆ ಅಡಿಕೆ ಹಾಕುತ್ತಾ ಕುಳಿತಾಗ ಮಾತು ಇದೇ ಆಯಿತು. ಭಾವನ ಅಣ್ಣನ ಮಗ ಅಮೆರಿಕದ ಟೆಕ್ಸಸ್‌ನಲ್ಲಿದ್ದಾನೆ. ಅಲ್ಲಿ ಊಟದ ಬಿಲ್ಲಿನ ಮೇಲೆ ನೂರಕ್ಕೆ ಇಪ್ಪತ್ತು ಸೇರಿಸದೆ ಎದ್ದು ಬಂದರೆ ಸಪ್ಲೈಯರ್ ಹಿಂದೆಯೇ ಬಂದು ಏನಾದರೂ ತಪ್ಪಾಯಿತೇ ಎಂದು ಕೇಳಿದರೂ ಕೇಳಬಹುದು ಎಂದ. ಕಾರಣವನ್ನೂ ಹೇಳಿದ. ಟಿಪ್ಸ್ ಬರುವ ಕೆಲಸಗಾರರಿಗೆ ಮಾಲೀಕ ಕೊಡಲೇಬೇಕಾದ ಸಂಬಳ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್. 1991ರಿಂದ ಅದು ಒಂದು ಸೆಂಟ್ ಕೂಡ ಏರಿಲ್ಲ. ಟಿಪ್ಸ್ ಸೇರಿಸಿದರೂ ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಡಾಲರ್ ಮುಟ್ಟದಿದ್ದರೆ ಮಾತ್ರ ಉಳಿದದ್ದನ್ನು ಮಾಲೀಕ ತುಂಬಬೇಕು. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳು ಇದನ್ನು ಒಪ್ಪದೆ ಪೂರ್ತಿ ಕೂಲಿ ಕೊಡಿಸುತ್ತವೆ, ಟೆಕ್ಸಸ್ ಒಪ್ಪುತ್ತದೆ. “ಅಂದರೆ ನಿಮ್ಮಲ್ಲಿ ಮಾಲೀಕನ ಸಂಬಳದ ಪಟ್ಟಿಯನ್ನು ಗಿರಾಕಿಗಳೇ ತುಂಬುತ್ತೀರಿ” ಎಂದೆ. ಅವನು ನಕ್ಕ.

ಭಾವನಿಗೆ ಹುರುಪು ಬಂತು. ಬೆಂಗಳೂರಿನ ಹೋಟೆಲೊಂದರಲ್ಲಿ ಬಿಲ್ಲಿಗೆ ನೂರಕ್ಕೆ ಹತ್ತು ಸೇವಾ ಶುಲ್ಕ ಸೇರಿಸಿದ್ದನ್ನು ತಾವು ತೆಗೆಸಿದ ಕಥೆಯನ್ನು ಮತ್ತೆ ಹೇಳಿದರು. ಹಾಗೆ ತಾನಾಗಿ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು; ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು; 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಆ ಪತ್ರಿಕೆಯ ತುಣುಕು ಅವರ ಪರ್ಸಿನಲ್ಲಿದೆ. ಸೇವಾ ಶುಲ್ಕ ತೆಗೆಸಿದ ಮೇಲೆ ಬಡಿಸಿದ ಹುಡುಗನಿಗೆ ಎಷ್ಟು ಕೊಟ್ಟಿರಿ ಎಂದು ಅಕ್ಕ ಕೇಳಿದಳು. ಭಾವ ಅಡಿಕೆ ಅಗಿಯುವುದನ್ನು ಮುಂದುವರಿಸಿದರು. ಕೋರ್ಟು ಹೇಳಿದ್ದು ಸರಿಯೇ, ನನಗೂ ಒಪ್ಪಿಗೆ. ಆದರೆ ಗ್ರಾಹಕ ಗೆದ್ದ ಕಡೆಯೆಲ್ಲ ಮಾಲೀಕನೇ ಸೋತಿರುತ್ತಾನೆ ಎಂದೇನಿಲ್ಲ, ನಡುವೆ ತಟ್ಟೆ ಹಿಡಿದು ನಿಂತವನೂ ಸೋತಿರಬಹುದು.

ಅಷ್ಟರಲ್ಲಿ ಬಡಿಸುವವರ ಮೇಸ್ತ್ರಿ ಬಂದರು. ಹೆಗಲ ಮೇಲೆ ಕೆಂಪು ವಸ್ತ್ರ, ಕೈಯಲ್ಲಿ ಹುಡುಗರ ಹೆಸರಿನ ಚೀಟಿ.

“ಹುಡುಗರಿಗೆ ಏನಾದರೂ ನೋಡಿ ಅಮ್ಮಾ. ನನ್ನ ಕೈಗೆ ಕೊಡಿ, ನಾನು ಹಂಚುತ್ತೇನೆ.”

ಹುಡುಗರನ್ನೆಲ್ಲ ಕರೆಯಿರಿ, ಒಬ್ಬೊಬ್ಬರ ಕೈಗೂ ನಾನೇ ಕೊಡುತ್ತೇನೆ ಎಂದೆ. ಮೇಸ್ತ್ರಿಯ ಮೂಲಕ ಹೋದದ್ದು ಪೂರ್ತಿ ತಲುಪುವುದಿಲ್ಲ ಎಂಬುದು ಮದುವೆ ಮಾಡಿದವರೆಲ್ಲ ಹೇಳುವ ಮಾತು. ಅವರು ಕೋಪಿಸಿಕೊಳ್ಳಲಿಲ್ಲ.

“ನೀವು ನೋಡಿದ್ದು ಬಡಿಸಿದವರನ್ನು. ರಾತ್ರಿ ಎರಡು ಗಂಟೆಯಿಂದ ಕಾಯಿ ತುರಿದವನನ್ನು ನೀವು ನೋಡಿಲ್ಲ. ಸಾಲಿನಲ್ಲಿ ನಿಲ್ಲಿಸಿ ಒಂದೇ ಸಮ ಕೊಟ್ಟರೆ, ಹನ್ನೆರಡು ಗಂಟೆಗೆ ಬಂದು ಎರಡು ಪಂಕ್ತಿ ಬಡಿಸಿದ ಕಾಲೇಜು ಹುಡುಗನೂ ಅವನೂ ಒಂದೇ ಆಗುತ್ತಾರೆ. ಅದು ನ್ಯಾಯವೇ ಅಮ್ಮಾ?”

ಅದು ನ್ಯಾಯವಲ್ಲ. ಯಾರು ಎಷ್ಟು ದುಡಿದರೆಂಬುದು ಅವರಿಗೇ ಗೊತ್ತು, ಎಷ್ಟು ಹಣ ಬಂತೆಂಬುದು ಮಾತ್ರ ಹುಡುಗರಿಗೆ ಗೊತ್ತಿರುವುದಿಲ್ಲ. ತೊಡಕು ಇರುವುದೇ ಅಲ್ಲಿ. ಆದ್ದರಿಂದ ಎಲ್ಲರನ್ನೂ ಊಟದ ಹಾಲ್‌ಗೆ ಕರೆಸಿ, “ಇಷ್ಟು ಹಣ ನಿಮ್ಮೆಲ್ಲರಿಗಾಗಿ ಮೇಸ್ತ್ರಿಯವರ ಕೈಗೆ ಕೊಡುತ್ತಿದ್ದೇನೆ, ಕಾಯಿ ತುರಿದವರನ್ನು ಮರೆಯಬಾರದು” ಎಂದು ಮೊತ್ತವನ್ನು ಗಟ್ಟಿಯಾಗಿ ಹೇಳಿ, ಅವರೆದುರೇ ಎಣಿಸಿ ಕೊಟ್ಟೆ. ಬ್ಯಾಂಕಿನಲ್ಲಿ ಕಲಿತ ಅಭ್ಯಾಸ ಉಪಯೋಗಕ್ಕೆ ಬಂತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಸ್ತ್ರಿ ನೋಟುಗಳನ್ನು ಜೇಬಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

“ಇದರಲ್ಲಿ ಪಾತ್ರೆ ತೊಳೆಯುವವರಿಗೆ ಎಷ್ಟು?” ಎಂದೆ.

“ಅವರು ನಮ್ಮವರಲ್ಲ ಅಮ್ಮಾ. ಅವರದ್ದು ಬೇರೆ ಕೂಲಿ.”

ಅಡುಗೆಮನೆಯ ಹಿಂದಿನ ಬಾಗಿಲು ದಾಟಿದರೆ ಸಿಮೆಂಟಿನ ಅಂಗಳ. ಅಡಿಗೆ ಹತ್ತಿದ ಅನ್ನದ ಕೊಳದಪ್ಪಲೆಗಳು, ಎಣ್ಣೆ ಜಿಡ್ಡಿನ ಬಾಣಲೆಗಳು, ಸ್ಟೀಲಿನ ಬಕೆಟ್‌ಗಳು ರಾಶಿಯಾಗಿ ಬಿದ್ದಿದ್ದವು. ಒಂದು ಕೊಳದಪ್ಪಲೆಯನ್ನು ನೆಲಕ್ಕೆ ಒರಗಿಸಿ, ಒಬ್ಬಾಕೆ ಅದರೊಳಗೆ ಸೊಂಟದವರೆಗೂ ಬಗ್ಗಿ ನಾರಿನಿಂದ ಉಜ್ಜುತ್ತಿದ್ದಳು. ಹೊರಗಿನವರಿಗೆ ಕಾಣುತ್ತಿದ್ದದ್ದು ಎತ್ತಿ ಕಟ್ಟಿದ ಸೀರೆ, ಬಿರುಕು ಬಿಟ್ಟ ಹಿಮ್ಮಡಿ ಮಾತ್ರ. ಉಳಿದ ಹೆಂಗಸರು ನನ್ನನ್ನು ನೋಡಿ, ಒಳಗಿನಿಂದ ಯಾವುದೋ ಪಾತ್ರೆ ಬೇಗ ಬೇಕಾಗಿದೆ ಎಂದುಕೊಂಡರು. ನೋಟು ಚಾಚಿದರೆ ಹಿಡಿಯಲು ಕೈ ಒದ್ದೆ. ಅವರಲ್ಲಿ ಹಿರಿಯಳಾದವಳು ಕಿಟಕಿಯ ಸರಳಿಗೆ ನೇತುಹಾಕಿದ್ದ ಕೈಚೀಲಗಳ ಕಡೆಗೆ ಗಲ್ಲ ತೋರಿಸಿ, “ಅಲ್ಲಿ ಇಡಿ ಅಕ್ಕಾ. ನೀಲಿಯದು ನನ್ನದು, ಒಬ್ಬೊಬ್ಬರ ಚೀಲದಲ್ಲೂ ಇಡಿ” ಎಂದಳು.

ಇಟ್ಟೆ. ಎಷ್ಟು ಕೂಲಿ ಎಂದು ಕೇಳಬೇಕೆಂದಿದ್ದೆ, ಆಕೆಯೇ ಹೇಳಿದಳು. ಆರತಕ್ಷತೆಯ ಪಾತ್ರೆ ಮುಗಿದಾಗ ರಾತ್ರಿ ಹನ್ನೆರಡು ದಾಟಿತ್ತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಬರುವುದಕ್ಕೆ ಖರ್ಚಿಲ್ಲ. ಆದರೆ ಆ ಹೊತ್ತಿನಲ್ಲಿ ಬಸ್ಸೇ ಇಲ್ಲ. ಆಟೋದವನು ಕೇಳಿದಷ್ಟು ಕೊಟ್ಟು ಮನೆಗೆ ಹೋಗಿ, ಬೆಳಗ್ಗೆ ಆರಕ್ಕೆ ಮತ್ತೆ ಬಂದರು. “ಅರ್ಧ ಕೂಲಿ ಆಟೋಗೇ ಹೋಯಿತು. ನೀವು ಈಗ ಕೊಟ್ಟದ್ದರಲ್ಲಿ ಅದು ಸರಿಹೋಯಿತು ಅನ್ನಿ.” ಆಮೇಲೆ ಸ್ವಲ್ಪ ತಡೆದು, “ಒಬ್ಬಟ್ಟು ಮಿಕ್ಕಿದ್ದರೆ ಮಕ್ಕಳಿಗೆ ಕಟ್ಟಿಸಿಕೊಡಿ. ನಾವು ಕೇಳಿದರೆ ಭಟ್ಟರು ಕೊಡುವುದಿಲ್ಲ, ನೀವು ಹೇಳಿದರೆ ಕೊಡುತ್ತಾರೆ” ಎಂದಳು.

ಒಬ್ಬಟ್ಟು ಮಿಕ್ಕಿತ್ತು, ನಮ್ಮದೇ ಹಣದ ಒಬ್ಬಟ್ಟು. ಅದನ್ನು ಉಗ್ರಾಣದಿಂದ ಹೊರಗೆ ತರಿಸಲು ನಾನು ಅಡುಗೆ ಭಟ್ಟರ ಮುಂದೆ ನಿಂತು ಏರುದನಿಯಲ್ಲಿ ಮಾತನಾಡಬೇಕಾಯಿತು.

ಅಂದು ರಾತ್ರಿ ಭಾವ ನನ್ನ ಲೆಕ್ಕದ ಚೀಟಿ ಓದುತ್ತಾ ‘ಪಾತ್ರೆ’ ಎಂಬ ಸಾಲಿಗೆ ಬಂದು ನಿಂತರು. ಓಲಗದವರ ಶಾಲಿಗಿಂತ ಅದು ಹೆಚ್ಚಿತ್ತು. ಯಾರೂ ಕೇಳಲು ಬಂದಿರಲಿಲ್ಲವಲ್ಲ ಎಂದರು. ಕೇಳಲು ಬರಲು ಅವರಿಗೆ ಬಿಡುವೆಲ್ಲಿತ್ತು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಈಗ ಅವರ ಎರಡನೆಯ ಮಗಳ ಮದುವೆ ಗೊತ್ತಾಗಿದೆ. ಬೇರೆ ಅಡುಗೆಯವರು. ಎಲೆ ಲೆಕ್ಕ ಮಾತನಾಡುವ ದಿನ ನಾನೂ ಹೋಗಿದ್ದೆ. ಪಾತ್ರೆ ತೊಳೆಯುವವರನ್ನು ರಾತ್ರಿ ಮನೆಗೆ ಬಿಡುವ ಆಟೋ ಅಡುಗೆಯವರದೇ ಖರ್ಚು ಎಂದು ಕರಾರಿನಲ್ಲಿ ಬರೆಯಬೇಕೆಂದು ಹಟ ಹಿಡಿದೆ. ಭಟ್ಟರು ತಲೆ ಕೆರೆದುಕೊಂಡು, ಇದನ್ನು ಇದುವರೆಗೆ ಯಾರೂ ಕೇಳಿಲ್ಲ, ಎಲೆಗೆ ಎರಡು ರೂಪಾಯಿ ಹೆಚ್ಚು ಬೀಳುತ್ತದೆ ಎಂದರು. ಭಾವ ಅದನ್ನು ಒಂದೂವರೆಗೆ ಇಳಿಸಿದರು. ಎಂಟುನೂರು ಎಲೆಗೆ ಸಾವಿರದ ಇನ್ನೂರು, ಎರಡು ಮೂರು ಆಟೋಗಳಿಗೆ ಸಾಕು.

“ಹಾಗಾದರೆ ಅವರಿಗೆ ಬೇರೆ ಟಿಪ್ಸ್ ಕೊಡಬೇಕಾಗಿಲ್ಲ ತಾನೇ?” ಎಂದು ಭಟ್ಟರ ಎದುರೇ ನನ್ನನ್ನು ಕೇಳಿದರು.

ಒಬ್ಬಟ್ಟಿನ ವಿಷಯವನ್ನೂ ಬರೆದುಕೊಳ್ಳಿ ಎಂದು ನಾನು ಭಟ್ಟರಿಗೆ ಹೇಳಿದೆ.