ಮಣ್ಣೋ, ಹುಲ್ಲೋ, ತೆಂಗಿನ ನಾರೋ?

ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಸಿದ ಮೇಲೆ, ನೋಡಲು ಬಂದವರೆಲ್ಲ ಕೇಳುವುದು ಒಂದೇ. "ಸೆಕೆ ತಡೆಯೋಕೆ ಮಣ್ಣು, ಹುಲ್ಲು, ನಾರು, ಇದರಲ್ಲಿ ಯಾವುದು ಒಳ್ಳೇದು?"

ಗೋಡೆಗಾ, ಸೂರಿಗಾ ಅಂತ ನಾನು ತಿರುಗಿ ಕೇಳುತ್ತೇನೆ.

ಮಣ್ಣು ಶಾಖವನ್ನು ಅಷ್ಟೇನೂ ತಡೆಯುವುದಿಲ್ಲ. ಹೀಗಂದರೆ ಕೆಲವರಿಗೆ ಬೇಜಾರು. ಅದು ಶಾಖವನ್ನು ತಡಮಾಡಿಸುತ್ತದೆ. 1 ಅಡಿ ದಪ್ಪದ ಮಣ್ಣಿನ ಗೋಡೆಗೆ ಮಧ್ಯಾಹ್ನ ಬಿದ್ದ ಬಿಸಿ ಒಳಗೆ ಮುಟ್ಟಲು ಸುಮಾರು 8–10 ಗಂಟೆ ಬೇಕು. ಅಷ್ಟರಲ್ಲಿ ರಾತ್ರಿ. ರಾಯಚೂರು, ಬಾಗಲಕೋಟೆ ಕಡೆ ಮಣ್ಣಿನ ಮಾಳಿಗೆ ಮನೆಯವರು ಬೇಸಿಗೆಯಲ್ಲಿ ಹಗಲು ಒಳಗಿದ್ದು, ರಾತ್ರಿ ಮಾಳಿಗೆ ಮೇಲೆ ಮಲಗುತ್ತಿದ್ದರಲ್ವಾ? ಲೆಕ್ಕ ಗೊತ್ತಿದ್ದವರು! ರಾತ್ರಿಯೂ ತಣಿಯದ ಮಂಗಳೂರಿನಲ್ಲಿ ಈ ಉಪಾಯ ಅಷ್ಟು ನಡೆಯುವುದಿಲ್ಲ.

ನಿಜವಾಗಿ ಶಾಖ ತಡೆಯುವುದು ಅಲುಗಾಡದೆ ನಿಂತ ಗಾಳಿ. ಹುಲ್ಲು, ನಾರು, ಉಣ್ಣೆ ಎಲ್ಲ ಅದನ್ನು ಹಿಡಿದಿಡುತ್ತವೆ. ಕಂಬಳಿ ಹೊದ್ದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಶಾಖ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ ಎಂಜಿನಿಯರುಗಳ ಹತ್ತಿರ ಒಂದು ಅಂಕಿ ಇದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಕುರಿ ಉಣ್ಣೆ, ಕಾರ್ಕ್ (ಬಾಟಲಿ ಬಿರಡೆ ಮಾಡುವ ಮರದ ತೊಗಟೆ) ಸುಮಾರು 0.04. ತೆಂಗಿನ ನಾರಿನ ಹಲಗೆ 0.045ರ ಆಸುಪಾಸು. ಒತ್ತಿ ಕಟ್ಟಿದ ಹುಲ್ಲಿನ ಪೆಂಡಿ 0.05ರಿಂದ 0.07. ಕಾಂಕ್ರೀಟು 1.5ಕ್ಕೂ ಜಾಸ್ತಿ! ಅಂದರೆ 2 ಇಂಚು ನಾರಿನ ಹಲಗೆ ತಡೆಯುವಷ್ಟು ಶಾಖ ತಡೆಯಲು ಐದೂವರೆ ಅಡಿ ದಪ್ಪದ ಕಾಂಕ್ರೀಟು ಬೇಕು.

ಹಾಗಾಗಿ ಉಣ್ಣೆಯೋ ನಾರೋ ಎಂಬ ಜಗಳ ಸುಮ್ನೆ. ಹತ್ತಿರ ಸಿಗುವುದನ್ನು ತಗೊಳ್ಳಿ. ಕಾರ್ಕ್ ಪೋರ್ಚುಗಲ್‌ನಿಂದ ಬರಬೇಕು, ನಾರು ತಿಪಟೂರಿನಲ್ಲೇ ಇದೆ. ಹಾಕುವುದು ಮಾತ್ರ ಮೊದಲು ಸೂರಿಗೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಗೋಡೆಗಿಂತ ಸೂರು ಜಾಸ್ತಿ ಕಾಯುತ್ತದೆ.

ನನ್ನ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹಂಚಿನ ಕೆಳಗೆ ಬಿಡಿ ನಾರು ತುಂಬಿಸಿದ್ದೆ. ಮೊದಲ ಮಳೆಗೇ ಒಂದು ಹಂಚು ಸೋರಿತು. ನಾರು ನೆನೆದು ಮುದ್ದೆಯಾಯಿತು. ನಿಂತ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ, ಒದ್ದೆ ನಾರು ಇದ್ದೂ ಇಲ್ಲದ ಹಾಗೆ. ಎಲ್ಲ ಕಿತ್ತು, ಹಂಚು ಸರಿಮಾಡಿಸಿ, ಒತ್ತಿದ ಹಲಗೆ ಹಾಕಿಸಿದೆ.

ತಾರಸಿ ಮನೆಯವರು ಹಲಗೆಯನ್ನು ಸ್ಲ್ಯಾಬಿನ ಮೇಲೆ ಹಾಕಿಸಿ, ನೀರಿಳಿಯದಂತೆ ಮುಚ್ಚಿಸಿ. ಅಷ್ಟು ದುಡ್ಡಿಲ್ಲವೇ? ಯುಗಾದಿಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಯಿರಿ.